74ರ ಗೆರೆ

ಜಗತ್ತಿನ ಸುಂಕಪಟ್ಟಿಗಳಿಗೆಲ್ಲ ತಾಯಿಬೇರಾಗಿರುವ ಎಚ್‌ಎಸ್ ಪಟ್ಟಿಯ 28ನೇ ಅಧ್ಯಾಯದಲ್ಲಿ ಒಂದು ಟಿಪ್ಪಣಿಯಿದೆ, ಆರನೆಯದು. ಶೀರ್ಷಿಕೆ 28.44ರೊಳಗೆ ಯಾವ ಯಾವ ಸರಕು ಬರಬೇಕೆಂದು ಅದು ಹೇಳುತ್ತದೆ. ಟೆಕ್ನೀಷಿಯಂ, ಪ್ರೊಮೀಥಿಯಂ, ಪೊಲೋನಿಯಂ ಮತ್ತು ಪರಮಾಣು ಸಂಖ್ಯೆ 84ನ್ನು ಮೀರಿದ ಎಲ್ಲ ಧಾತುಗಳು. ಎಲ್ಲ ವಿಕಿರಣಶೀಲ ಐಸೊಟೋಪುಗಳು, ಅವುಗಳ ಸಂಯುಕ್ತಗಳು. ಅವು ಸೇರಿರುವ ಮಿಶ್ರಲೋಹ, ಸೆರಾಮಿಕ್, ಮಿಶ್ರಣಗಳು, ಆದರೆ ವಿಕಿರಣಶೀಲತೆ ಗ್ರಾಮಿಗೆ 74 ಬೆಕೆರೆಲ್ ಮೀರಿದ್ದರೆ ಮಾತ್ರ. ರಿಯಾಕ್ಟರಿನಲ್ಲಿ ಉರಿಸಿ ಮುಗಿಸಿದ ಇಂಧನ. ಕೊನೆಯಲ್ಲಿ, ಬಳಕೆಗೆ ಬಂದರೂ ಬಾರದಿದ್ದರೂ, ವಿಕಿರಣಶೀಲ ಶೇಷಗಳು. ಇದನ್ನು ಓದಿದವರು ಕಡಿಮೆ. ಓದಿದವರಲ್ಲಿ ಹೆಚ್ಚಿನವರು ಒಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ. ವರ್ಗೀಕರಣವೆಂದರೆ ಸುಂಕದ ಲೆಕ್ಕ ಹಾಕುವ ಗುಮಾಸ್ತಿಕೆ. ವಿಕಿರಣದ ಅಪಾಯ ನೋಡಿಕೊಳ್ಳಲು ಬೇರೆ ಕಾನೂನುಗಳಿವೆ, ಬೇರೆ ತಜ್ಞರಿದ್ದಾರೆ. ಸುಂಕಪಟ್ಟಿಯ ಮೇಲೆ ಆ ಹೊರೆ ಹೇರಬಾರದು. ಈಗಿರುವ ಗೆರೆ ಕೆಲಸಕ್ಕೆ ಸಾಕು. ವ್ಯಾಪಾರದವರೂ ಇದನ್ನೇ ಹೇಳುತ್ತಾರೆ, ಅಣುಶಕ್ತಿ ವಲಯದವರೂ ಇದನ್ನೇ ಹೇಳುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ನಮ್ಮ ಗಾದೆಯೂ ಅವರ ಪರವಾಗಿಯೇ ನಿಂತಂತಿದೆ. ಆದರೂ ಈ ಅಭಿಪ್ರಾಯ ತಪ್ಪು. ಇದರಿಂದ ಆಗಿರುವ, ಈಗಲೂ ಆಗುತ್ತಿರುವ ಕೇಡು ಸಣ್ಣದಲ್ಲ.

ಮೊದಲಿಗೆ, ಸುಂಕಪಟ್ಟಿಗೂ ವಿಕಿರಣಕ್ಕೂ ಸಂಬಂಧವಿಲ್ಲ ಎನ್ನುವವರು ಆ ಪಟ್ಟಿಯನ್ನೇ ಸರಿಯಾಗಿ ನೋಡಿಲ್ಲ. ರಾಸಾಯನಿಕಗಳ ವಿಭಾಗದ ಮೊದಲ ಟಿಪ್ಪಣಿಯೇ ಒಂದು ಅಸಾಮಾನ್ಯ ನಿಯಮ ಹಾಕಿದೆ: 28.44ರ ವರ್ಣನೆಗೆ ಹೊಂದುವ ಸರಕು ಆ ಶೀರ್ಷಿಕೆಗೇ ಹೋಗಬೇಕು, ಇಡೀ ಪಟ್ಟಿಯಲ್ಲಿ ಬೇರೆಲ್ಲಿಗೂ ಹೋಗುವಂತಿಲ್ಲ. ವಿಕಿರಣಶೀಲ ಅದಿರುಗಳು ಮಾತ್ರ ಇದಕ್ಕೆ ಹೊರತು. ಅಂದರೆ ಔಷಧವೋ ಲೋಹವೋ ಗಾಜೋ ಎಂಬ ಪ್ರಶ್ನೆಗಳಿಗೆಲ್ಲ ಮುಂಚೆ ಇದು ವಿಕಿರಣಶೀಲವೇ ಎಂದು ಕೇಳಬೇಕೆಂಬುದು ಪಟ್ಟಿ ರಚಿಸಿದವರ ಇಚ್ಛೆಯಾಗಿತ್ತು. ಸುಂಕ ವಸೂಲಿಯಷ್ಟೇ ಗುರಿಯಾಗಿದ್ದರೆ ಇಂಥ ಅಗ್ರಸ್ಥಾನ ಬೇಕಿರಲಿಲ್ಲ. 200ಕ್ಕೂ ಹೆಚ್ಚು ದೇಶ ಮತ್ತು ಪ್ರಾಂತಗಳು ಬಳಸುವ, ಜಗತ್ತಿನ ಸರಕು ವ್ಯಾಪಾರದ ಶೇ. 98ಕ್ಕೂ ಹೆಚ್ಚನ್ನು ಒಳಗೊಳ್ಳುವ ಪಟ್ಟಿ ಇದು. ಯಾವ ವಸ್ತು ಯಾವ ಗಡಿಯನ್ನು ದಾಟಿತು ಎಂದು ಹೇಳಬಲ್ಲ, ಎಲ್ಲ ದೇಶಗಳೂ ಒಪ್ಪಿದ ಸಾಮಾನ್ಯ ಭಾಷೆ ನಮ್ಮಲ್ಲಿ ಇದೊಂದೇ. ಆ ಭಾಷೆಯಲ್ಲಿ ಹೆಸರಿಲ್ಲದ್ದು ಲೆಕ್ಕಕ್ಕೂ ಸಿಗುವುದಿಲ್ಲ, ಪ್ರಶ್ನೆಗೂ ಸಿಗುವುದಿಲ್ಲ.

ಈಗ ಆ 74ನ್ನು ನೋಡೋಣ. ಇದು ಯಾವ ಆರೋಗ್ಯ ಅಧ್ಯಯನದಿಂದ ಬಂದ ಸಂಖ್ಯೆ ಎಂದು ಹುಡುಕುವುದು ವ್ಯರ್ಥ, ಏಕೆಂದರೆ ಅದು ಬರಿಯ ಅನುವಾದ. ಕ್ಯೂರಿ ಎಂಬ ಹಳೆಯ ಮಾನದಲ್ಲಿ ಗ್ರಾಮಿಗೆ 0.002 ಮೈಕ್ರೊಕ್ಯೂರಿ ಎಂದು ಬರೆದಿದ್ದನ್ನು ಬೆಕೆರೆಲ್‌ಗೆ ಬದಲಾಯಿಸಿದರೆ 74 ಸಿಗುತ್ತದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಾಗಣೆ ನಿಯಮಗಳಲ್ಲಿಯೂ ಒಂದು ಕಾಲಕ್ಕೆ ಇದೇ ಗೆರೆಯಿತ್ತು: ಕಿಲೋಗೆ 70 ಕಿಲೊಬೆಕೆರೆಲ್ ಮೀರಿದ್ದೆಲ್ಲ ವಿಕಿರಣಶೀಲ ವಸ್ತು, ಕೆಳಗಿದ್ದದ್ದು ಅಲ್ಲ. ಎಲ್ಲ ಐಸೊಟೋಪುಗಳಿಗೂ ಒಂದೇ ಗೆರೆ ಎಳೆಯುವುದು ವಿಜ್ಞಾನಕ್ಕೆ ಒಪ್ಪುವುದಿಲ್ಲವೆಂದು ಆ ಸಂಸ್ಥೆಗೆ ಮನವರಿಕೆಯಾಯಿತು. 1996ರ ಆವೃತ್ತಿಯಲ್ಲಿ ಅದು ಹಳೆಯ ಗೆರೆಯನ್ನು ಕೈಬಿಟ್ಟು ಒಂದೊಂದು ಐಸೊಟೋಪಿಗೂ ಬೇರೆ ಬೇರೆ ಮಿತಿ ಗೊತ್ತುಮಾಡಿತು. 1988ರಲ್ಲಿ ಜಾರಿಗೆ ಬಂದ ಎಚ್‌ಎಸ್ ಪಟ್ಟಿ ಮಾತ್ರ ಅಲ್ಲೇ ನಿಂತಿದೆ. ಸುಮಾರು ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವ ಪಟ್ಟಿಯಲ್ಲಿ, ಮೂಲ ಒಡೆಯನೇ ಬಿಟ್ಟುಕೊಟ್ಟ ಸಂಖ್ಯೆಯೊಂದು ಕಾಲು ಶತಮಾನ ದಾಟಿಯೂ ಉಳಿದುಕೊಂಡಿದೆ.

ಇದರ ಫಲವೇನೆಂದು ಅಂಕಿಗಳೇ ಹೇಳುತ್ತವೆ. ಮಧ್ಯಮ ಪ್ರಮಾಣದ ಸಾಮಗ್ರಿಗೆ ಅಣುಶಕ್ತಿ ಸಂಸ್ಥೆ ಕೊಡುವ ವಿನಾಯಿತಿಯ ಮಿತಿ ಟ್ರಿಟಿಯಮ್ಮಿಗೆ ಗ್ರಾಮಿಗೆ ಹತ್ತು ಲಕ್ಷ ಬೆಕೆರೆಲ್; ಕೋಬಾಲ್ಟ್-60ಕ್ಕೆ 10; ಅಮೆರಿಷಿಯಂ-241ಕ್ಕೆ 1. ಟ್ರಿಟಿಯಮ್ಮಿನ ಬೀಟಾ ಕಣ ಚರ್ಮವನ್ನೂ ದಾಟಲಾರದು. ಕೋಬಾಲ್ಟಿನ ಗಾಮಾ ಕಿರಣ ಉಕ್ಕನ್ನೇ ಹಾದುಬರುತ್ತದೆ. ಅಮೆರಿಷಿಯಂ ಉಸಿರಿನೊಡನೆ ಒಳಗೆ ಹೋದರೆ ಅದರ ಆಲ್ಫಾ ಕಣಗಳು ಶ್ವಾಸಕೋಶವನ್ನು ಒಳಗಿನಿಂದಲೇ ಹಾಳುಮಾಡಬಲ್ಲವು. ಹತ್ತು ಲಕ್ಷ ಪಟ್ಟು ವ್ಯತ್ಯಾಸವಿರುವ ಇವುಗಳನ್ನು ಒಂದೇ ತಕ್ಕಡಿಯಲ್ಲಿ ಒಂದೇ ಕಲ್ಲಿಟ್ಟು ತೂಗುತ್ತಿದ್ದೇವೆ. ಟನ್ನುಗಟ್ಟಲೆ ಸಾಮಗ್ರಿಯಾದರೆ ಕೋಬಾಲ್ಟಿಗೂ ಸೀಸಿಯಂ-137ಕ್ಕೂ ಮಿತಿ ಗ್ರಾಮಿಗೆ 0.1ಕ್ಕೆ ಇಳಿಯುತ್ತದೆ, 74 ಅದರ 740 ಪಟ್ಟು. ಗ್ರಾಮಿಗೆ 50 ಬೆಕೆರೆಲ್ ಕೋಬಾಲ್ಟ್ ಬೆರೆತ ಉಕ್ಕನ್ನು ಒಂದು ಲಾರಿ ಹೊತ್ತಿದೆ ಎಂದುಕೊಳ್ಳಿ. ಸಾಗಣೆ ನಿಯಮದ ಪ್ರಕಾರ ಅದು ವಿಕಿರಣಶೀಲ ಸರಕು, ಲಾರಿಗೆ ಏಳನೇ ವರ್ಗದ ಫಲಕ ಬೇಕು. ಸುಂಕಪಟ್ಟಿಯ ಪ್ರಕಾರ ಅದು ಬರಿಯ ಉಕ್ಕು. ಒಂದೇ ಲಾರಿ, ಒಂದೇ ಹೇರು, ಎರಡು ಕಾಗದಗಳಲ್ಲಿ ಎರಡು ಹೆಸರು.

74 ಎನ್ನುವಾಗ ಏನನ್ನು ಎಣಿಸಬೇಕು ಎಂಬುದೂ ಟಿಪ್ಪಣಿಯಲ್ಲಿ ಸ್ಪಷ್ಟವಿಲ್ಲ. ಪೀಣ್ಯದಿಂದ ಹುಬ್ಬಳ್ಳಿಯವರೆಗೆ ವೆಲ್ಡಿಂಗ್ ಶಾಪುಗಳಲ್ಲಿ ಪರಿಚಿತವಾದ ಕೆಂಪು ತುದಿಯ ಟಂಗ್‌ಸ್ಟನ್ ಕಡ್ಡಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಶೇ. 2ರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ. ಒಂದು ಗ್ರಾಂ ಥೋರಿಯಂ-232ರ ವಿಕಿರಣಶೀಲತೆ ಸುಮಾರು 4,060 ಬೆಕೆರೆಲ್. ಆ ಲೆಕ್ಕದಲ್ಲಿ ಕಡ್ಡಿಯದು ಗ್ರಾಮಿಗೆ ಸುಮಾರು 71, ಗೆರೆಯ ಕೆಳಗೆ. ಆದರೆ ಥೋರಿಯಂ ಒಂಟಿಯಾಗಿರುವುದಿಲ್ಲ, ಅದರ ಸಂತತಿಯೂ ಜೊತೆಗಿರುತ್ತದೆ. ಥೋರಿಯಂ-228 ಒಂದನ್ನು ಕೂಡಿಸಿದರೂ ಕಡ್ಡಿ ಗೆರೆಯನ್ನು ಬಹಳ ದೂರ ದಾಟಿಬಿಡುತ್ತದೆ. ತಾಯಿಯನ್ನು ಮಾತ್ರ ಎಣಿಸಬೇಕೇ, ಮಕ್ಕಳನ್ನೂ ಎಣಿಸಬೇಕೇ? ಟಿಪ್ಪಣಿ ಸುಮ್ಮನಿದೆ. ಇನ್ನೊಂದು ತೊಡಕು ಭಾಜಕದ್ದು. ತೈಲಬಾವಿಗಳ ಹಳೆಯ ಕೊಳವೆಗಳ ಒಳಮೈಯಲ್ಲಿ ರೇಡಿಯಂ-226 ಇರುವ ಕಿಟ್ಟ ಕಟ್ಟಿಕೊಳ್ಳುತ್ತದೆ. ಕೆಲವು ಬಾವಿಗಳಲ್ಲಿ ಆ ತೆಳುಪದರದ ವಿಕಿರಣಶೀಲತೆ ಗ್ರಾಮಿಗೆ ಸಾವಿರಾರು ಬೆಕೆರೆಲ್ ತಲಪುತ್ತದೆ. ಇಡೀ ಕೊಳವೆಯ ತೂಕಕ್ಕೆ ಹಂಚಿಬಿಟ್ಟರೆ ಸಂಖ್ಯೆ ಕರಗಿಹೋಗಿ ಅದು ಬರಿಯ ಗುಜರಿ ಕಬ್ಬಿಣವಾಗುತ್ತದೆ. ಆ ಗುಜರಿಯನ್ನು ಕತ್ತರಿಸುವವನ ಮೂಗಿಗೆ ಏರುವುದು ಮಾತ್ರ ಕಿಟ್ಟದ ಧೂಳು. ಸರಾಸರಿ ಕಬ್ಬಿಣವನ್ನು ಯಾರೂ ಉಸಿರಾಡುವುದಿಲ್ಲ.

ಗಡಿಯಲ್ಲಿ ಇಟ್ಟ ಹೆಸರು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಎಚ್‌ಎಸ್ ಪಟ್ಟಿಗೂ ಹಿಂದಿನ ಒಂದು ಪ್ರಕರಣ ಸಾಕು. 1977ರಲ್ಲಿ ಅಮೆರಿಕದಿಂದ ಮೆಕ್ಸಿಕೊದ ಹುವಾರೆಸ್ ನಗರದ ಆಸ್ಪತ್ರೆಯೊಂದಕ್ಕೆ ಕ್ಯಾನ್ಸರ್ ಚಿಕಿತ್ಸೆಯ ಹಳೆಯ ಯಂತ್ರವೊಂದು ಹೋಯಿತು. ಅದರ ಹೊಟ್ಟೆಯಲ್ಲಿ ಸುಮಾರು ಆರು ಸಾವಿರ ಕೋಬಾಲ್ಟ್-60 ಗುಳಿಗೆಗಳು, ಒಂದೊಂದೂ ಸಾಸಿವೆಯಷ್ಟು ಸಣ್ಣವು. ನಿಯಂತ್ರಕರ ದಫ್ತರಕ್ಕೆ ಬಾರದೆ ಯಂತ್ರವು ಬರಿಯ ಯಂತ್ರವಾಗಿ ಗಡಿ ದಾಟಿ ಉಗ್ರಾಣದಲ್ಲಿ ಆರು ವರ್ಷ ಬಿದ್ದಿತ್ತು. 1983ರ ಕೊನೆಗೆ ಅದು ಗುಜರಿ ಅಂಗಡಿಗೆ ಹೋಯಿತು, ಅಲ್ಲಿಂದ ಕುಲುಮೆಗೆ ಹೋಗಿ ಕಟ್ಟಡದ ಕಬ್ಬಿಣದ ಸರಳುಗಳಾಗಿ, ಮೇಜಿನ ಕಾಲುಗಳಾಗಿ ಅಮೆರಿಕಕ್ಕೆ ಮರಳಿತು. 1984ರ ಜನವರಿಯಲ್ಲಿ ಸರಳು ಹೊತ್ತ ಲಾರಿಯೊಂದು ದಾರಿ ತಪ್ಪಿ ಲಾಸ್ ಅಲಮೋಸ್ ಅಣು ಪ್ರಯೋಗಾಲಯದ ಬಳಿ ಹಾದಾಗ ಅಲ್ಲಿನ ವಿಕಿರಣ ಮಾಪಕ ಕೂಗಿಕೊಂಡದ್ದರಿಂದ ವಿಷಯ ಬಯಲಾಯಿತು. ಒಂದೇ ಕೋಬಾಲ್ಟ್ ಒಂದೇ ಗಡಿಯನ್ನು ಎರಡು ಸಲ ದಾಟಿತ್ತು, ಒಮ್ಮೆ ಯಂತ್ರವೆಂಬ ಹೆಸರಿನಲ್ಲಿ, ಇನ್ನೊಮ್ಮೆ ಕಬ್ಬಿಣವೆಂಬ ಹೆಸರಿನಲ್ಲಿ. ಇಂದಿಗೂ ಅಂಥ ಯಂತ್ರ ಶೀರ್ಷಿಕೆ 90.22ರಲ್ಲಿ ಉಪಕರಣವಾಗಿ ಬರುತ್ತದೆ. ಒಳಗೆ ಯಾವ ಐಸೊಟೋಪು, ಎಷ್ಟು ಎಂದು ಆರಂಕಿಯ ಕೋಡು ಕೇಳುವುದಿಲ್ಲ. 2008ರಲ್ಲಿ ಭಾರತದಿಂದ ಹೋದ ಉಕ್ಕಿನಿಂದ ಮಾಡಿದ ಲಿಫ್ಟ್ ಗುಂಡಿಗಳಲ್ಲಿ ಕೋಬಾಲ್ಟ್-60 ಸಿಕ್ಕಿತು. ಅವನ್ನು ಜೋಡಿಸುತ್ತಿದ್ದ ಫ್ರಾನ್ಸಿನ ಕಾರ್ಖಾನೆಯ ಸುಮಾರು ಇಪ್ಪತ್ತು ಕೆಲಸಗಾರರು ಜನಸಾಮಾನ್ಯರಿಗೆ ವಿಧಿಸಿದ ವಾರ್ಷಿಕ ಮಿತಿಗಿಂತ ಹೆಚ್ಚು ವಿಕಿರಣಕ್ಕೆ ಒಳಗಾಗಿದ್ದರು. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿಯಲ್ಲಿ ಕೋಬಾಲ್ಟ್ ಸಿಕ್ಕಿ ಒಬ್ಬ ಸತ್ತಾಗ, ಮೊದಲ ಅನುಮಾನ ಹೋದದ್ದು ವಿದೇಶಿ ಗುಜರಿಯ ಮೇಲೆ. ಅದು ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಗಾಮಾ ಉಪಕರಣದ್ದೆಂದು ಆಮೇಲೆ ಗೊತ್ತಾಯಿತು. ಆಮದಿನ ದಾಖಲೆಗಳಲ್ಲಿ ಇಲ್ಲ ಅಥವಾ ಹೌದು ಎನ್ನಲು ಏನಾದರೂ ಇದ್ದಿದ್ದರೆ ಆ ಅನುಮಾನ ಹುಟ್ಟುವ ಮೊದಲೇ ತೀರುತ್ತಿತ್ತು.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಗೊತ್ತಿರುವುದೇ. ನಿಯಂತ್ರಣಕ್ಕೆ ಬೇರೆ ವ್ಯವಸ್ಥೆಯಿದೆಯಲ್ಲ, ನಮ್ಮಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಿದೆ, ಅಂತರರಾಷ್ಟ್ರೀಯ ನೀತಿ ಸಂಹಿತೆಯಿದೆ, ಬಂದರುಗಳಲ್ಲಿ ವಿಕಿರಣ ಪತ್ತೆಯ ಕಮಾನುಗಳಿವೆ ಎನ್ನುತ್ತಾರೆ. ಇವೆ, ನಿಜ. ಆದರೆ ವಿಕಿರಣ ಮೂಲಗಳ ಸಂಹಿತೆ ಕಾನೂನಿನ ಕಟ್ಟುಪಾಡಿಲ್ಲದ ಒಪ್ಪಂದ. ಅದರ ಆಮದು ರಫ್ತು ಮಾರ್ಗದರ್ಶನ ಅತಿ ಹೆಚ್ಚು ತೀವ್ರತೆಯ ಎರಡು ವರ್ಗಗಳಿಗೆ ಮಾತ್ರ ಅನ್ವಯಿಸುತ್ತದೆ. ಅಪಾಯಕಾರಿ ತ್ಯಾಜ್ಯಗಳ ಸಾಗಣೆಯನ್ನು ಹಿಡಿದಿಡುವ ಬಾಸೆಲ್ ಒಪ್ಪಂದ, ಬೇರೆ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟ ವಿಕಿರಣಶೀಲ ತ್ಯಾಜ್ಯವನ್ನು ಮೊದಲ ವಿಧಿಯಲ್ಲೇ ಹೊರಗಿಟ್ಟಿದೆ. ನಮ್ಮ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳೂ ಅದನ್ನು ಅಣುಶಕ್ತಿ ಕಾಯ್ದೆಯ ಪಾಲಿಗೆ ಬಿಟ್ಟಿವೆ. ಹೀಗೆ ಪ್ರತಿಯೊಬ್ಬರೂ ಇದು ಇನ್ನೊಬ್ಬರ ಕೆಲಸ ಎನ್ನುವಾಗ, ಇನ್ನೊಬ್ಬರಿಗೆ ಸುದ್ದಿ ಮುಟ್ಟಿಸುವ ಗಂಟೆ ಎಲ್ಲಿದೆ? ಕಸ್ಟಮ್ಸಿನ ಗಣಕದಲ್ಲಿ, ಕೋಡಿನ ಜೊತೆಗೆ. ಬಿಲ್ ಆಫ್ ಎಂಟ್ರಿಯಲ್ಲಿ 28.44 ಎಂದು ಬಿದ್ದರೆ ಪರವಾನಗಿ ಎಲ್ಲಿ ಎಂಬ ಪ್ರಶ್ನೆ ಹುಟ್ಟುತ್ತದೆ, ಗುಜರಿ ಕಬ್ಬಿಣದ 72.04 ಎಂದು ಬಿದ್ದರೆ ಹುಟ್ಟುವುದಿಲ್ಲ. ನಿಯಂತ್ರಕನ ಕಣ್ಣು ಎಷ್ಟೇ ಚುರುಕಾಗಿರಲಿ, ಅವನನ್ನು ಕರೆಯುವ ಗಂಟೆಯೇ ಹಳೆಯ ಮತ್ತು ತಪ್ಪು ಗೆರೆಗೆ ಕಟ್ಟಿದ್ದರೆ ಅವನು ಬರುವುದು ಲಾರಿ ಹೋದ ಮೇಲೆ.

ಶೇಷದ ಕಥೆ ಇನ್ನೂ ಗಂಭೀರ. ಆರನೆಯ ಟಿಪ್ಪಣಿಯಲ್ಲಿ ಮಿಶ್ರಲೋಹ, ಮಿಶ್ರಣಗಳ ಸಾಲಿಗೆ 74 ಇದೆ. ವಿಕಿರಣಶೀಲ ಶೇಷಗಳ ಸಾಲಿಗೆ ಯಾವ ಸಂಖ್ಯೆಯೂ ಇಲ್ಲ. ಎಷ್ಟು ವಿಕಿರಣಶೀಲವಾದರೆ ಶೇಷ 'ವಿಕಿರಣಶೀಲ'ವಾಗುತ್ತದೆ? ಮಲೇಷ್ಯಾದ ಗೆಬೆಂಗಿನ ಉದಾಹರಣೆ ನೋಡಿ. ಪಶ್ಚಿಮ ಆಸ್ಟ್ರೇಲಿಯಾದ ಮೌಂಟ್ ವೆಲ್ಡ್ ಗಣಿಯ ಅದಿರಿನ ಸಾರ 2012ರಿಂದ ಅಲ್ಲಿನ ಲೈನಾಸ್ ಕಾರ್ಖಾನೆಗೆ ಬಂದು ವಿರಳ ಭಸ್ಮ ಸಂಯುಕ್ತಗಳಾಗಿ ಹೊರಡುತ್ತಿದೆ. ವಿರಳ ಭಸ್ಮ ಜಗತ್ತಿಗೆ ಹೋಯಿತು, ಥೋರಿಯಂ ಹೊತ್ತ ಉಳಿಕೆ ಅಲ್ಲೇ ಉಳಿಯಿತು. 2018ರ ಹೊತ್ತಿಗೆ ನಾಲ್ಕೂವರೆ ಲಕ್ಷ ಟನ್ನಿನಷ್ಟು. ಆ ಉಳಿಕೆಯಲ್ಲಿ ಥೋರಿಯಂ-232 ಗ್ರಾಮಿಗೆ ಸುಮಾರು 6 ಬೆಕೆರೆಲ್. ಇಡೀ ಸಂತತಿಯನ್ನು ಕೂಡಿಸಿದರೂ 60ರ ಆಸುಪಾಸು. ಅಣುಶಕ್ತಿ ಸಂಸ್ಥೆಯ 1 ಬೆಕೆರೆಲ್ ಮಿತಿಯ ಲೆಕ್ಕಕ್ಕೆ ಇದು ನಿಯಂತ್ರಣದಡಿ ಬರಬೇಕಾದ ವಸ್ತು. ಮಲೇಷ್ಯಾದ ನಿಯಂತ್ರಕರೂ ಹಾಗೆಯೇ ನೋಡಿದರು. 74ನ್ನೇ ಹಿಡಿದು ನಡೆಯುವ ಸುಂಕದಧಿಕಾರಿಗೆ ಇದು ವಿಕಿರಣಶೀಲವೇ ಅಲ್ಲ. 2018ರ ಕೊನೆಯಲ್ಲಿ ಮಲೇಷ್ಯಾ ಸರ್ಕಾರ ಆ ಉಳಿಕೆಯನ್ನು ದೇಶದಿಂದ ಹೊರಗೆ ಸಾಗಿಸಬೇಕೆಂದು ಷರತ್ತು ಹಾಕಿತು. ಅದಿರು ಕಳಿಸಿದ ಆಸ್ಟ್ರೇಲಿಯಾ ಉಳಿಕೆಯನ್ನು ಒಳಗೆ ಬಿಡಲು ಒಪ್ಪಲಿಲ್ಲ. ಕೊನೆಗೆ 2019ರ ಆಗಸ್ಟಿನಲ್ಲಿ ಹೊರಗೆ ಸಾಗಿಸುವ ಷರತ್ತು ಬಿದ್ದುಹೋಗಿ, ದೇಶದೊಳಗೇ ಶಾಶ್ವತವಾಗಿ ಹೂಳುವ ತಾಣ ಹುಡುಕುವುದೆಂದಾಯಿತು. ಬರುವಾಗ ಅದಿರಾಗಿ ಬಂದ ಥೋರಿಯಂ ಮರಳಿ ಹೋಗಲು ಒಂದು ಹೆಸರು ಸಿಗದೆ ಅಲ್ಲೇ ಕೂತಿದೆ. ಇದೇ ದೇಶದ ಬುಕಿತ್ ಮೆರಾದಲ್ಲಿ 1980ರ ದಶಕದಲ್ಲಿ ತವರದ ಗಣಿಗಳ ಉಪೋತ್ಪನ್ನದಿಂದ ವಿರಳ ಭಸ್ಮ ತೆಗೆದ ಕಾರ್ಖಾನೆಯ ಥೋರಿಯಂ ಶೇಷಕ್ಕಾಗಿ ಹಳ್ಳಿಯವರು ವರ್ಷಗಟ್ಟಲೆ ಕೋರ್ಟು ಹತ್ತಿದ್ದರು. ಆ ಪಾಠ ಸುಂಕಪಟ್ಟಿಯವರೆಗೆ ತಲಪಲೇ ಇಲ್ಲ.

ಶೇಷವೋ ಕಚ್ಚಾವಸ್ತುವೋ ಎಂಬ ಪ್ರಶ್ನೆಯನ್ನು ಕೋಡು ಕೇಳದೆ ಬಿಟ್ಟಾಗ ಉತ್ತರ ಹೇಳುವವನು ಸಾಗಿಸುವವನೇ ಆಗುತ್ತಾನೆ. ಜರ್ಮನಿಯ ಗ್ರೊನಾವು ಊರಿನ ಯುರೇನಿಯಂ ಸಂವರ್ಧನ ಘಟಕದಿಂದ 1990ರ ದಶಕದಿಂದ 2009ರವರೆಗೆ, ಮತ್ತೆ 2019ರಿಂದ ಕೆಲಕಾಲ, ಸಾವಿರಾರು ಟನ್ ಕ್ಷೀಣ ಯುರೇನಿಯಂ ರಷ್ಯಾಕ್ಕೆ ಹೋಯಿತು. ಮರುಸಂವರ್ಧನೆಗೆ ಹೋಗುವ ಕಚ್ಚಾವಸ್ತು ಎಂದರು ಕಂಪನಿಯವರು. ತ್ಯಾಜ್ಯ ಹೊರಹಾಕುವ ಉಪಾಯ ಎಂದರು ಪರಿಸರ ಸಂಘಟನೆಗಳವರು. ಸಂವರ್ಧಿತ ಭಾಗ ಮರಳಿ ಬರುತ್ತಿತ್ತು, ತೂಕದಲ್ಲಿ ಬಹುಪಾಲು ಅಲ್ಲೇ ಉಳಿಯುತ್ತಿತ್ತು. ಎರಡೂ ಕಡೆಯವರ ಮಾತಿನ ಸತ್ಯವನ್ನು ಅಳೆಯಲು ಬೇಕಾದದ್ದು ಎಷ್ಟು ಹೋಯಿತು, ಎಷ್ಟು ಬಂತು, ಯಾವ ಉದ್ದೇಶಕ್ಕೆ ಎಂಬ ಸರಳ ಲೆಕ್ಕ. ಆದರೆ ಕ್ಷೀಣ ಯುರೇನಿಯಂ ವಿಮಾನದ ಸಮತೂಕದ ಗಟ್ಟಿಯಾಗಲಿ, ಗಾಮಾ ಕಿರಣ ತಡೆಯುವ ಕವಚವಾಗಲಿ, ಯಾರಿಗೂ ಬೇಡದ ಶೇಷವಾಗಲಿ, ವಸ್ತುವಿನ ಕೋಡು 2844.30 ಒಂದೇ. ಅಮೆರಿಕದ ಯೂಟಾದ ವೈಟ್ ಮೆಸಾ ಗಿರಣಿಗೆ ಎಸ್ಟೋನಿಯಾದ ಸಿಲ್ಲಮೆಯೆಯಿಂದ ಕೆಲವು ನೂರು ಟನ್ ಯುರೇನಿಯಂ ಬೆರೆತ ಉಳಿಕೆಯನ್ನು ತರಲು 2021ರಲ್ಲಿ ಅನುಮತಿ ಸಿಕ್ಕಿದ್ದೂ 'ಪರ್ಯಾಯ ಕಚ್ಚಾವಸ್ತು' ಎಂಬ ಹೆಸರಿನಲ್ಲಿ. ಸ್ವಲ್ಪ ಯುರೇನಿಯಂ ತೆಗೆದುಕೊಂಡ ಮೇಲೆ ಮಿಕ್ಕದ್ದೆಲ್ಲ ಗಿರಣಿಯ ಕೊಳಗಳಲ್ಲಿ ಉಳಿಯುತ್ತದೆ. ಹತ್ತಿರದಲ್ಲೇ ಯೂಟ್ ಮೂಲನಿವಾಸಿಗಳ ಊರಿದೆ. ಅವರ ವಿರೋಧ ಆ ಹೆಸರಿನ ಬಗ್ಗೆಯೂ ಇದೆ. ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಹೂಳಲೆಂದೇ ಬರುವ ವಸ್ತುವನ್ನು ಕಚ್ಚಾವಸ್ತು ಎನ್ನಬಹುದಾದರೆ, ತ್ಯಾಜ್ಯ ಎಂಬ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ನಮ್ಮ ಕರಾವಳಿಯೂ ಈ ಗೊಂದಲಕ್ಕೆ ಹೊರತಲ್ಲ. 1909ರಲ್ಲಿ ತಿರುವಾಂಕೂರಿನಿಂದ ರಫ್ತಾದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೋನಜೈಟ್ ಇರುವುದನ್ನು ಜರ್ಮನ್ ರಸಾಯನಜ್ಞ ಶಾಂಬರ್ಗ್ ಕಂಡುಹಿಡಿದ. ಅಂದರೆ ಥೋರಿಯಂ ಈ ದೇಶದಿಂದ ಮೊದಲು ಹೊರಗೆ ಹೋದದ್ದು ನಾರಿನ ಧೂಳಾಗಿ. ಶತಮಾನ ಕಳೆದರೂ ಸಮಸ್ಯೆಯ ಸ್ವರೂಪ ಬದಲಾಗಿಲ್ಲ. ಕಡಲತೀರದ ಮರಳಿನಲ್ಲಿ ಇಲ್ಮನೈಟ್, ಗಾರ್ನೆಟ್, ಜಿರ್ಕಾನ್, ಮೋನಜೈಟ್ ಒಟ್ಟಿಗಿರುತ್ತವೆ. ಮೋನಜೈಟ್ 26.12ಕ್ಕೆ ಹೋಗುತ್ತದೆ, ಇಲ್ಮನೈಟ್ 26.14ಕ್ಕೆ, ಗಾರ್ನೆಟ್ 25.13ಕ್ಕೆ. ಗಾರ್ನೆಟ್ಟಿನ ಚೀಲದಲ್ಲಿ ಮೋನಜೈಟ್ ಎಷ್ಟು ಉಳಿದಿದೆ ಎಂದು ಈ ಕೋಡುಗಳು ಹೇಳಲಾರವು. ಮೋನಜೈಟ್ ಕದ್ದು ಸಾಗುತ್ತಿದೆ ಎಂಬ ಆರೋಪ ತಮಿಳುನಾಡಿನ ದಕ್ಷಿಣ ತೀರದಲ್ಲಿ ವರ್ಷಗಟ್ಟಲೆ ಕೇಳಿಬಂತು. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಡಲತೀರದ ಖನಿಜಗಳ ರಫ್ತನ್ನೆಲ್ಲ ಐಆರ್‌ಇಎಲ್ ಎಂಬ ಒಂದೇ ಸಾರ್ವಜನಿಕ ಸಂಸ್ಥೆಯ ಮೂಲಕ ನಡೆಯುವಂತೆ ಮಾಡಿತು. ಆ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಹೆಸರುಗಳು ಒರಟಾಗಿದ್ದಾಗ ಸರ್ಕಾರಕ್ಕೆ ಉಳಿಯುವ ಹತಾರವೂ ಒರಟೇ: ಒಂದು ಖನಿಜವನ್ನು ತಡೆಯಲು ಎಲ್ಲ ಖನಿಜಗಳಿಗೂ ಬಾಗಿಲು ಹಾಕಬೇಕಾಗುತ್ತದೆ. ವರ್ಗೀಕರಣವನ್ನು ಸೂಕ್ಷ್ಮಗೊಳಿಸಿದರೆ ವ್ಯಾಪಾರಕ್ಕೆ ತೊಂದರೆ ಎನ್ನುವವರು, ಸೂಕ್ಷ್ಮಗೊಳಿಸದೆ ಬಿಟ್ಟದ್ದರಿಂದ ಪ್ರಾಮಾಣಿಕ ವ್ಯಾಪಾರಿ ತೆತ್ತ ಬೆಲೆಯನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ವ್ಯಾಪಾರಕ್ಕೆ ಅಡ್ಡಿ ಎಂಬ ವಾದದ ಅತ್ಯಂತ ಗೌರವಾರ್ಹ ರೂಪ ವೈದ್ಯಕೀಯದಿಂದ ಬರುತ್ತದೆ. ಸ್ಕ್ಯಾನಿಗೆ ಬೇಕಾದ ಟೆಕ್ನೀಷಿಯಂ-99ಎಂ ಹುಟ್ಟುವುದು ಮಾಲಿಬ್ಡಿನಂ-99ರಿಂದ. ಅದರ ಅರ್ಧಾಯು 66 ಗಂಟೆ, ಟೆಕ್ನೀಷಿಯಮ್ಮಿನದು 6 ಗಂಟೆ. ವಿಮಾನ ನಿಲ್ದಾಣದಲ್ಲಿ ಒಂದು ದಿನ ತಡವಾದರೆ ಔಷಧದ ಐದನೇ ಒಂದು ಪಾಲಿಗೂ ಹೆಚ್ಚು ಮಾಯ. ಇಂಥ ಸರಕಿಗೆ ಇನ್ನಷ್ಟು ಕೋಡು, ಇನ್ನಷ್ಟು ಪರಿಶೀಲನೆ ಬೇಡ ಎನ್ನುವುದು ರೋಗಿಯ ಪರವಾದ ಮಾತು, ನಾನೂ ಒಪ್ಪುತ್ತೇನೆ. ಆದರೆ ತಡವಾಗುವುದು ಏಕೆ? 2022ರವರೆಗೆ ಮಾಲಿಬ್ಡಿನಂ-99, ಕೋಬಾಲ್ಟ್-60, ಎಲ್ಲ ವಿಕಿರಣಶೀಲ ಶೇಷಗಳು 2844.40 ಎಂಬ ಒಂದೇ ಚೀಲದಲ್ಲಿದ್ದವು. ಗಣಕಕ್ಕೆ ಆಸ್ಪತ್ರೆಗೆ ಹೋಗುವ ಔಷಧವೂ ಹೂಳಬೇಕಾದ ಕಸವೂ ಒಂದೇ ಜಾತಿ. ಹೆದರುವ ವಿಮಾನ ಕಂಪನಿ, ಹೆದರುವ ಅಧಿಕಾರಿ ಎರಡನ್ನೂ ಒಂದೇ ರೀತಿ ನಿಲ್ಲಿಸುತ್ತಾರೆ. 2022ರ ಆವೃತ್ತಿಯಲ್ಲಿ ಚೀಲವನ್ನು ನಾಲ್ಕಾಗಿ ಹರಿದರು: ಟ್ರಿಟಿಯಮ್ಮಿಗೆ ಒಂದು, ಆಕ್ಟಿನಿಯಂ-225, ಪೊಲೋನಿಯಂ-210, ರೇಡಿಯಂ-223ರಂಥ ಹೆಸರಿಸಿದ ಐಸೊಟೋಪುಗಳಿಗೆ ಒಂದು, ಉಳಿದವಕ್ಕೆ ಒಂದು, ಶೇಷಗಳಿಗೆ ಒಂದು. ಇದು ಒಳ್ಳೆಯ ಹೆಜ್ಜೆ. ಆದರೆ ವಿಶ್ವ ಕಸ್ಟಮ್ಸ್ ಸಂಸ್ಥೆ ಆಗ ಹೇಳಿದ ಕಾರಣ ದುರ್ಬಳಕೆಯಾಗಬಲ್ಲ ಇಬ್ಬಗೆ ಬಳಕೆಯ ಸರಕಿನ ನಿಗಾ. ಜನರ ಆರೋಗ್ಯ ಆ ವಿಭಜನೆಯ ಅಳತೆಗೋಲಾಗಿರಲಿಲ್ಲ. ಹಾಗಾಗಿ ಮೂರೇ ದಿನದಲ್ಲಿ ಅರ್ಧಕ್ಕಿಳಿಯುವ ಮಾಲಿಬ್ಡಿನಂ-99, ಐದು ವರ್ಷ ಅರ್ಧಾಯುವಿನ ಕೋಬಾಲ್ಟ್-60, ಮೂವತ್ತು ವರ್ಷದ ಸೀಸಿಯಂ-137 ಇಂದಿಗೂ 'ಇತರೆ' ಎಂಬ ಒಂದೇ ಸಾಲಿನಲ್ಲಿವೆ. ರೋಗಿಯ ಹಿತ ಬೇಕೆನ್ನುವವರು ಮೊದಲು ಈ ಸಾಲನ್ನು ಒಡೆಯಬೇಕೆಂದು ಕೇಳಬೇಕು.

ಸುಂಕಪಟ್ಟಿ ಇಷ್ಟು ಸೂಕ್ಷ್ಮವಾಗಲಾರದು ಎಂಬ ಮಾತಿಗೆ ಆ ಪಟ್ಟಿಯೇ ಉತ್ತರ. ಓಜೋನ್ ಪದರ ಕೊರೆಯುವ ಅನಿಲಗಳಿಗೆ ಮಾಂಟ್ರಿಯಲ್ ಒಪ್ಪಂದಕ್ಕಾಗಿ ಪ್ರತ್ಯೇಕ ಕೋಡುಗಳು ಬಂದವು; 2022ರಲ್ಲಿ ಇ-ತ್ಯಾಜ್ಯಕ್ಕೆ 85.49 ಎಂಬ ಇಡೀ ಶೀರ್ಷಿಕೆಯೇ ಹುಟ್ಟಿತು. ಬೋರಾನ್-10, ಲಿಥಿಯಂ-6, ಹೀಲಿಯಂ-3ಕ್ಕೆ ಅದೇ ವರ್ಷ ಒಂದೊಂದು ಸಾಲು ಸಿಕ್ಕಿತು. ಹಳೆಯ ಮೊಬೈಲಿಗೆ ಸಿಕ್ಕ ಗೌರವ ಸೀಸಿಯಮ್ಮಿಗೆ ಸಿಗದಿರಲು ತಾಂತ್ರಿಕ ಕಾರಣವೊಂದೂ ಇಲ್ಲ. ಇಂಥ ವಿವರ ಕಳ್ಳರ ಕೈಗೆ ಸಿಗುತ್ತದೆ ಎಂಬ ಭದ್ರತೆಯ ವಾದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವಿಕಿರಣಶೀಲ ಪೊಟ್ಟಣದ ಮೈಮೇಲೆ ಐಸೊಟೋಪಿನ ಹೆಸರು, ತೀವ್ರತೆ ಬರೆದ ಚೀಟಿ ಈಗಾಗಲೇ ಕಡ್ಡಾಯ.

ಅಧಿಕಾರಿಗಳು ಐಸೊಟೋಪು ಗುರುತಿಸುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. ಕಮಾನಿನಡಿ ಲಾರಿ ಹಾದಾಗ ಬರುವುದು ಒಟ್ಟು ಎಣಿಕೆ ಮಾತ್ರ. ಇಳಕಲ್ಲಿನ ಗ್ರಾನೈಟಿನಿಂದ ಪೊಟ್ಯಾಷ್ ಗೊಬ್ಬರದವರೆಗೆ ಪ್ರಕೃತಿಯೇ ಸ್ವಲ್ಪ ವಿಕಿರಣ ಇಟ್ಟ ಸರಕುಗಳು ಗಂಟೆ ಬಾರಿಸುತ್ತವೆ, ಅಧಿಕಾರಿ ಬೇಸತ್ತು ಕಿವಿ ಮುಚ್ಚಿಕೊಳ್ಳುತ್ತಾನೆ. ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು: ಕೋಡು ಯಾವುದನ್ನೂ ಪತ್ತೆ ಮಾಡುವುದಿಲ್ಲ. ಗುಜರಿಯಲ್ಲಿ ಕೋಬಾಲ್ಟ್ ಇದೆಯೆಂದೇ ಗೊತ್ತಿಲ್ಲದ ವ್ಯಾಪಾರಿ ಎಷ್ಟು ಒಳ್ಳೆಯ ಕೋಡಿದ್ದರೂ ಗುಜರಿ ಎಂದೇ ಬರೆಯುತ್ತಾನೆ. ಪತ್ತೆಯ ಕೆಲಸ ಉಪಕರಣದ್ದು; ಕೈಯಲ್ಲಿ ಹಿಡಿಯುವ ಗಾಮಾ ರೋಹಿತಮಾಪಕಗಳು ಕೆಲವೇ ನಿಮಿಷಗಳಲ್ಲಿ ಪೊಟ್ಯಾಸಿಯಂ-40 ಯಾವುದು, ಸೀಸಿಯಂ-137 ಯಾವುದು ಎಂದು ಬೇರ್ಪಡಿಸಬಲ್ಲವು. ಆದರೆ ಪತ್ತೆಯಾದ ಮೇಲೆ ಏನು? ಗ್ರಾನೈಟಿನಲ್ಲಿ ಪೊಟ್ಯಾಸಿಯಂ ಎಂದು ಗೊತ್ತಾದಾಗ ಸುಮ್ಮನೆ ಬಿಡಲು, ಉಕ್ಕಿನಲ್ಲಿ ಕೋಬಾಲ್ಟ್ ಎಂದು ಗೊತ್ತಾದಾಗ ತಡೆಯಲು, ಅಧಿಕಾರಿಗೆ ಕಾನೂನಿನಲ್ಲಿ ಎರಡು ಬೇರೆ ಗೆರೆ ಬೇಕು. ಈಗ ಅವನ ಬಳಿ ಇರುವುದು ಎರಡಕ್ಕೂ 74. ಉಪಕರಣ ಬೇರ್ಪಡಿಸಿ ಕೊಟ್ಟದ್ದನ್ನು ಪಟ್ಟಿ ಮತ್ತೆ ಕಲಸಿಬಿಡುತ್ತದೆ. ಸಹಜ ವಿಕಿರಣದ ಸರಕಿಗೆಲ್ಲ ಕಳಂಕ ಅಂಟುತ್ತದೆ ಎಂಬ ಭಯಕ್ಕೂ ಮದ್ದು ಇಲ್ಲೇ ಇದೆ. ಐಸೊಟೋಪಿಗೆ ತಕ್ಕ ಮಿತಿ ಬಂದಾಗ ನಿರಪಾಯದ ಗೊಬ್ಬರ, ಕಲ್ಲು, ಹೆಂಚುಗಳೇ ಮೊದಲು ಬಿಡುಗಡೆಯಾಗುವುದು.

ಆದ್ದರಿಂದ ಕೇಳಬೇಕಾದದ್ದು ಮೂರು. ಮಿಶ್ರಣಗಳಿಗೆ 74ನ್ನು ತೆಗೆದು ಐಸೊಟೋಪಿಗೊಂದರಂತೆ ಮಿತಿ, ಸಂತತಿಯನ್ನು ಎಣಿಸುವ ನಿಯಮದೊಡನೆ. ಶೇಷದ ಸಾಲಿಗೂ ಅದೇ ಮಿತಿ, ಜೊತೆಗೆ ಬಳಕೆಗೆ ಹೋಗುವುದು ಮತ್ತು ಹೂಳಲು ಹೋಗುವುದು ಎಂಬ ವಿಭಜನೆ. ವಿಕಿರಣ ಮೂಲವನ್ನು ಹೊಟ್ಟೆಯಲ್ಲಿಟ್ಟ ಯಂತ್ರಕ್ಕೆ 90.22ರಲ್ಲಿ ಪ್ರತ್ಯೇಕ ಸಾಲು. ಟಿಪ್ಪಣಿಯ ಮಿತಿಗಳನ್ನು ಬದಲಿಸಲು ಬ್ರಸೆಲ್ಸಿನ ವಿಶ್ವ ಕಸ್ಟಮ್ಸ್ ಸಂಸ್ಥೆಯ ಒಪ್ಪಿಗೆ ಬೇಕು, ಸಾಲು ಒಡೆಯಲು ಅದಕ್ಕೆ ಕಾಯಬೇಕಿಲ್ಲ. ಆರಂಕಿಯ ಕೆಳಗೆ ತನಗೆ ಬೇಕಾದಂತೆ ಸಾಲು ಒಡೆಯುವ ಸ್ವಾತಂತ್ರ್ಯವನ್ನು ಎಚ್‌ಎಸ್ ಒಪ್ಪಂದ ಪ್ರತಿ ದೇಶಕ್ಕೂ ಕೊಟ್ಟಿದೆ. ಭಾರತದ ಸುಂಕಪಟ್ಟಿಯಲ್ಲಿ ಎಂಟಂಕಿಗಳಿವೆ. 2844.44ರ ಕೊನೆಯ ಎರಡು ಅಂಕಿಗಳಲ್ಲಿ ಥೋರಿಯಂ ಶೇಷ, ಯುರೇನಿಯಂ ಶೇಷ, ರೇಡಿಯಂ ಕಿಟ್ಟಗಳನ್ನು, ಕೊಂಡೊಯ್ಯುವ ಉದ್ದೇಶದೊಡನೆ, ಬೇರೆ ಬೇರೆಯಾಗಿ ಬರೆಯಲು ಬೇಕಾದದ್ದು ಒಂದು ಹಣಕಾಸು ಮಸೂದೆಯ ಪರಿಶಿಷ್ಟದಲ್ಲಿ ಅರ್ಧ ಪುಟ.